ಬೆಂಗಳೂರಿನಿಂದ ಸಿಡ್ನಿಗೆ ಎಷ್ಟು ಹೊತ್ತು?

ಫೆಬ್ರವರಿಯಲ್ಲಿ ಓದಲು ಸಿಡ್ನಿಗೆ ಬರುತ್ತಿದ್ದೀರಿ. ದೂರ ಎಷ್ಟು, ಎಷ್ಟು ಗಂಟೆ ಪ್ರಯಾಣ, ನೇರ ವಿಮಾನವೋ ಸಿಂಗಾಪುರದ ಮೇಲೋ, ಅಪ್ಪೆಮಿಡಿ ಉಪ್ಪಿನಕಾಯಿ ತರಬಹುದಾ ಎಂದು ಕೇಳಿದ್ದೀರಿ. ಸಾಗರದ ಕಡೆಯವರು ಎಂದು ಓದಿ ಖುಷಿಯಾಯಿತು. ನಾನೂ ಅಲ್ಲಿಯವನೇ.

ದೂರ ಸುಮಾರು 9,300 ಕಿಲೋಮೀಟರ್. ನೇರ ವಿಮಾನದಲ್ಲಿ ಬರಲು 11 ಗಂಟೆ ಆಸುಪಾಸು. ವಾಪಸ್ ಹೋಗುವಾಗ ಎದುರು ಗಾಳಿ, ಒಂದು ಗಂಟೆ ಜಾಸ್ತಿ. ಸಿಂಗಾಪುರದ ಮೇಲೆ ಬಂದರೆ ನಾಲ್ಕೂವರೆ ಗಂಟೆ, ಆಮೇಲೆ ಎಂಟು ಗಂಟೆ, ನಡುವೆ ಕಾಯುವುದು ಬೇರೆ. ದುಡ್ಡು ಉಳಿದರೆ ಅದೂ ಆಗಬಹುದು.

ನಾನು 2008ರಲ್ಲಿ ಬಂದಾಗ ನೇರ ವಿಮಾನವೇ ಇರಲಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಇಲ್ಲಿನ ವಿಮಾನ ಕಂಪನಿ ಕ್ವಾಂಟಾಸ್ ಶುರು ಮಾಡಿತು. ನಿಲ್ದಾಣದ ಫಲಕದಲ್ಲಿ ಬೆಂಗಳೂರಿನ ಹೆಸರು ನೋಡಲೆಂದೇ ಮಗಳನ್ನು ಕರೆದುಕೊಂಡು ಹೋಗಿದ್ದೆ. ಅಷ್ಟು ಹೆಮ್ಮೆ.

ಆದರೆ ನೀವು ಲೆಕ್ಕ ಹಾಕಬೇಕಾದ್ದು ಮನೆಯಿಂದ ಮನೆಗೆ. ಸಾಗರದಿಂದ ದೇವನಹಳ್ಳಿಗೆ ಒಂದು ರಾತ್ರಿ ಬೇಕು. ಮೂರು ಗಂಟೆ ಮೊದಲೇ ನಿಲ್ದಾಣದಲ್ಲಿರಬೇಕು. ಸಿಡ್ನಿಯಲ್ಲಿ ರಾತ್ರಿ 11ರಿಂದ ಬೆಳಗಿನ 6ರವರೆಗೆ ವಿಮಾನಗಳು ಬಹುತೇಕ ಬಂದ್. ಸಂಜೆಯದು ತಪ್ಪಿದರೆ ಬೆಳಗಿನವರೆಗೆ ಕಾಯಲೇಬೇಕು.

2011ರಲ್ಲಿ ಅಪ್ಪ ತೀರಿಹೋದರು. ಆಗ ನಾನು ಬ್ರಿಡ್ಜಿಂಗ್ ವೀಸಾ ಎ ಮೇಲಿದ್ದೆ, ಅಂದರೆ ಹೊಸ ವೀಸಾ ತೀರ್ಮಾನ ಆಗುವವರೆಗೆ ಕೊಡುವ ತಾತ್ಕಾಲಿಕ ವೀಸಾ. ಓದು ಮುಗಿಸಿ ಮುಂದಿನ ವೀಸಾಕ್ಕೆ ಅರ್ಜಿ ಹಾಕಿದರೆ ನಿಮಗೂ ಅದೇ ಸಿಗುತ್ತದೆ. ಅದರಲ್ಲಿ ಇಲ್ಲಿ ಇರಬಹುದು, ದೇಶ ಬಿಟ್ಟರೆ ಅದೇ ವೀಸಾದಲ್ಲಿ ವಾಪಸ್ ಬರುವಂತಿಲ್ಲ. ಹೋಗಿ ಬರಲು ಬ್ರಿಡ್ಜಿಂಗ್ ವೀಸಾ ಬಿ ಬೇಕು. ಅದು ಕೈಗೆ ಬರುವಷ್ಟರಲ್ಲಿ ಒಂದು ದಿನ ಹೋಯಿತು. ಅಣ್ಣ ಫೋನಿನಲ್ಲಿ ಕೇಳಿದ್ದು ಒಂದೇ ಮಾತು: "ಕಾಯೋಣವಾ?" ಅಂಗಳದಲ್ಲಿ ಊರವರೆಲ್ಲ ಸೇರಿದ್ದರು, ಅಮ್ಮ ಒಳಗೆ ಕೂತಿದ್ದರು. ಬೇಡ, ಮುಗಿಸಿ ಎಂದೆ. ನಾನು ಮನೆ ಮುಟ್ಟುವಷ್ಟರಲ್ಲಿ ಅಸ್ಥಿ ಸಂಚಯನವೂ ಆಗಿತ್ತು. ಆ ದಿನ ಬೇರೆ ಉತ್ತರ ಇರಲಿಲ್ಲ, ಗೊತ್ತು. ಆದರೂ ಅಪ್ಪನ ಮುಖ ಕೊನೆಗೊಮ್ಮೆ ನೋಡಲಾಗಲಿಲ್ಲ ಅನ್ನುವುದು ಇವತ್ತಿಗೂ ಹೋಗಿಲ್ಲ.

ಅದಕ್ಕೇ ಹೇಳುತ್ತೇನೆ, ಹೊರಡುವ ಮೊದಲು ಮನೆಯಲ್ಲಿ ಕೂತು ಈ ಮಾತು ಆಡಿಬಿಡಿ. ಯಾರು ಮುಂದೆ ನಿಂತು ನಡೆಸುತ್ತಾರೆ, ಕಾಯಬೇಕೋ ಬೇಡವೋ. ಅಪಶಕುನ ಎಂದು ಬೈಯುತ್ತಾರೆ, ಬೈಯಲಿ. ನಾನು ಅಮ್ಮನ ಹತ್ತಿರ ಮಾತಾಡಿದೆ. "ಹೋದ ಮೇಲೆ ಓಡಿ ಬರೋದು ಬೇಡ, ಇರೋವಾಗ ವರ್ಷಕ್ಕೊಂದು ಸಲ ಬಾ" ಅಂದರು. ಹಾಗೇ ಮಾಡುತ್ತಿದ್ದೇನೆ. ಡಿಸೆಂಬರ್, ಜನವರಿ ಇಲ್ಲಿ ಶಾಲೆಗಳಿಗೆ ರಜೆ, ಟಿಕೆಟ್ ತುಂಬಾ ದುಬಾರಿ. ಬೇರೆ ತಿಂಗಳು ನೋಡಿ.

ಫೆಬ್ರವರಿಯಲ್ಲಿ ನಾವು ನಿಮಗಿಂತ ಐದೂವರೆ ಗಂಟೆ ಮುಂದೆ. ಅಲ್ಲಿ ರಾತ್ರಿ 9 ಅಂದರೆ ಇಲ್ಲಿ ಎರಡೂವರೆ. ಮನೆಯವರಿಗೆ ಇದನ್ನು ಈಗಲೇ ಹೇಳಿಡಿ.

ಇನ್ನು ಅಪ್ಪೆಮಿಡಿ. ಇಳಿಯುವಾಗ ತುಂಬುವ ಫಾರ್ಮಿನಲ್ಲಿ ತಿನ್ನುವ ಪದಾರ್ಥ ಇದೆ ಎಂದು ಬರೆದೇ ಬರೆಯಿರಿ. ಬಿಡುವುದು, ಬಿಡದಿರುವುದು ಅಧಿಕಾರಿಯ ಕೈಲಿ. ಮುಚ್ಚಿಟ್ಟು ಸಿಕ್ಕಿಬಿದ್ದರೆ ದಂಡ ಬೀಳುತ್ತದೆ, ವೀಸಾ ರದ್ದಾಗುವುದೂ ಉಂಟು. ಬೀಜ, ಹಸಿ ಹಣ್ಣು, ಸೊಪ್ಪು ಬೇಡವೇ ಬೇಡ.