ಗಾಡಿ ಪ್ರಶ್ನೋತ್ತರ: ರೀಮ್ಯಾಪ್ ಇರಲಿ, ಬ್ರೇಕ್ ಆಯಿಲ್ ಬದಲಿಸಿದಿರಾ?

ಪ್ರಶ್ನೆ: ನನಗೆ 41 ವರ್ಷ. ಫೋಕ್ಸ್‌ವ್ಯಾಗನ್ ವರ್ಟಸ್ 1.5 ಲೀಟರ್ ಟರ್ಬೊ ಕಾರು ಕೊಂಡು ಎರಡು ವರ್ಷವಾಯಿತು. ಚೆನ್ನೈ ಬಳಿಯ ರೇಸ್ ಟ್ರ್ಯಾಕಿನಲ್ಲಿ ಹವ್ಯಾಸಿಗಳಿಗಾಗಿ ನಡೆಯುವ ಟ್ರ್ಯಾಕ್ ಡೇಗೆ ಹೋಗಬೇಕೆಂಬ ಆಸೆ. ಇಂಜಿನ್ ರೀಮ್ಯಾಪ್ (ಶಕ್ತಿ ಹೆಚ್ಚಿಸಲು ಇಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಿಸುವುದು), ಅಗಲದ ಟೈರ್, ಹೊಸ ಸೈಲೆನ್ಸರ್‌ಗೆಂದು ಒಂದೂವರೆ ಲಕ್ಷ ಎತ್ತಿಟ್ಟಿದ್ದೇನೆ. ಯಾವುದನ್ನು ಮೊದಲು ಮಾಡಿಸಲಿ ಸಾರ್?
– ಓದುಗ, ರಾಜಾಜಿನಗರ, ಬೆಂಗಳೂರು

ಉತ್ತರ: ಮೂರೂ ಬೇಡ. ನಿಮ್ಮ ಕಾರಿಗಿರುವ 150 ಪಿಎಸ್ ಶಕ್ತಿಯನ್ನು ಪೂರ್ತಿ ಬಳಸುವ ಕಾಲು ಸದ್ಯಕ್ಕೆ ನಿಮಗಿಲ್ಲ. ಮೊದಲ ಸಲ ಹೋದಾಗ ನನಗೂ ಇರಲಿಲ್ಲ, ಇದೆ ಎಂದುಕೊಂಡಿದ್ದೆ ಅಷ್ಟೆ. ಆ ದುಡ್ಡಿನಲ್ಲಿ ಚೂರು ತೆಗೆದು ಬ್ರೇಕ್ ಆಯಿಲ್ ಬದಲಿಸಿ, ಮುಂದಿನ ಬ್ರೇಕ್ ಪ್ಯಾಡ್ ಎಷ್ಟು ಸವೆದಿವೆ ನೋಡಿಸಿ.

ಇದನ್ನು ಹೇಳುವವನು ಮೈಸೂರಿನಲ್ಲಿ ಮೂವತ್ತು ವರ್ಷ ಗ್ಯಾರೇಜು ನಡೆಸಿದವನು. ಗಿರಾಕಿಗಳ ಕಾರಿಗೆ ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಹಾಕಿ ಬಿಲ್ ಮಾಡಿದವನು, ತನ್ನ ಸೆಡಾನಿಗೆ ಮಾತ್ರ ನಾಲ್ಕು ವರ್ಷ ಹಾಕಿರಲಿಲ್ಲ. ಚೆನ್ನೈ ಬಳಿಯ ಇರುಂಗಾಟುಕೋಟೈ ಟ್ರ್ಯಾಕ್ ಒಂದು ಸುತ್ತಿಗೆ 3.7 ಕಿಲೋಮೀಟರ್, 12 ತಿರುವು. ಐದನೆಯ ಸುತ್ತಿನಲ್ಲಿ ತಿರುವಿಗೆ ಮುನ್ನ ಪೆಡಲ್ ಒತ್ತಿದೆ. ಅದು ಒದ್ದೆ ಸ್ಪಂಜಿನಂತೆ ನೆಲಕ್ಕಿಳಿಯಿತು. ಎರಡು ಮೂರು ಸಲ ಪಂಪ್ ಮಾಡಿ, ಗೇರ್ ಇಳಿಸಿ, ಹುಲ್ಲಿನಲ್ಲಿ ಹೋಗಿ ನಿಂತೆ. ಕಾರಿಗೆ ಏನೂ ಆಗಲಿಲ್ಲ. ಜೊತೆಗೆ ಬಂದಿದ್ದ ನನ್ನ ಗ್ಯಾರೇಜಿನ ಹುಡುಗ ಏನೂ ಹೇಳದೆ ಮುಖ ಆ ಕಡೆ ತಿರುಗಿಸಿದ್ದೇ ಹೆಚ್ಚು ಉರಿಯಿತು.

ಆದದ್ದು ಇಷ್ಟು. 70ರ ವೇಗದಿಂದ ನಿಲ್ಲಿಸುವುದಕ್ಕಿಂತ 140ರಿಂದ ನಿಲ್ಲಿಸುವಾಗ ಬ್ರೇಕಿಗೆ ನಾಲ್ಕು ಪಟ್ಟು ಶಾಖ ಬೀಳುತ್ತದೆ. ಡಾಟ್ 4 ಎಂಬ ದರ್ಜೆಯ ಹೊಸ ಬ್ರೇಕ್ ಆಯಿಲ್ 230 ಡಿಗ್ರಿ ಸೆಲ್ಸಿಯಸ್‌ವರೆಗಾದರೂ ಕುದಿಯಬಾರದೆಂಬುದು ನಿಯಮ. ಆದರೆ ಅದು ಗಾಳಿಯ ತೇವವನ್ನು ಹೀರುತ್ತಲೇ ಇರುತ್ತದೆ. ತೇವ ಸೇರಿದ ಆಯಿಲ್‌ಗೆ ಅದೇ ನಿಯಮ ಕೇಳುವುದು 155 ಡಿಗ್ರಿ ಮಾತ್ರ. ಕುದಿದರೆ ಪೈಪಿನೊಳಗೆ ಆವಿಯ ಗುಳ್ಳೆಗಳು. ನಿಮ್ಮ ಕಾಲು ಒತ್ತುವುದು ಆ ಗುಳ್ಳೆಗಳನ್ನು, ಬ್ರೇಕನ್ನಲ್ಲ.

ಇನ್ನು ಓಡಿಸುವ ವಿಚಾರ. ಸೀಟನ್ನು ಮುಂದಕ್ಕೆ ಎಳೆದುಕೊಳ್ಳಿ. ಬೆನ್ನು ಒರಗಿದ್ದಾಗಲೇ ಮಣಿಕಟ್ಟು ಸ್ಟಿಯರಿಂಗಿನ ಮೇಲ್ತುದಿಗೆ ತಾಗಬೇಕು. ಕಣ್ಣಿನದೇ ದೊಡ್ಡ ಪಾಠ. ಆಗುಂಬೆ ಘಾಟಿಯಲ್ಲಿ ಎದುರಿಗೆ ಬಸ್ಸು ಬಂದೀತೆಂಬ ಹೆದರಿಕೆಗೆ ನಾವು ತಾನಾಗಿ ದೂರ ನೋಡುತ್ತೇವೆ. ಟ್ರ್ಯಾಕಿನಲ್ಲಿ ಎದುರಿನಿಂದ ಯಾರೂ ಬರುವುದಿಲ್ಲವಲ್ಲ, ಕಣ್ಣು ಸೋಮಾರಿಯಾಗಿ ಬಾನೆಟ್ಟಿನ ಮುಂದೆಯೇ ಬಿದ್ದಿರುತ್ತದೆ. ಪಕ್ಕದಲ್ಲಿ ಕುಳಿತ ತರಬೇತುದಾರರು ಮೂರು ಸುತ್ತಿನಲ್ಲಿ ನನಗೆ ಹೇಳಿದ್ದು ಒಂದೇ ಮಾತು: "ತಲೆ ಎತ್ತಿ." ಬ್ರೇಕ್ ಹಾಕುವಾಗಲೇ ತಿರುವಿನ ಒಳ ಅಂಚನ್ನು ನೋಡಬೇಕು, ಅಲ್ಲಿಗೆ ತಲುಪುವಷ್ಟರಲ್ಲಿ ಕಣ್ಣು ಹೊರದಾರಿಗೆ ಹೋಗಿರಬೇಕು. ಕೈ ತಾನಾಗಿ ಹಿಂಬಾಲಿಸುತ್ತದೆ.

ನಿಮ್ಮದು ಮುಂಚಕ್ರ ಎಳೆಯುವ ಕಾರು. ತಿರುಗುವ ಕೆಲಸ, ಎಳೆಯುವ ಕೆಲಸ ಎರಡೂ ಆ ಎರಡೇ ಟೈರುಗಳ ಪಾಲಿಗೆ. ಅವಸರಪಟ್ಟು ಆಕ್ಸಿಲರೇಟರ್ ಒತ್ತಿದರೆ ಮೂತಿ ಹೊರಕ್ಕೆ ಜಾರುತ್ತದೆ. ಆಗ ಎಲ್ಲರೂ ಮಾಡುವ ತಪ್ಪೆಂದರೆ ಸ್ಟಿಯರಿಂಗನ್ನು ಇನ್ನಷ್ಟು ತಿರುಗಿಸುವುದು. ಕಾಲು ಸ್ವಲ್ಪ ಸಡಿಲಿಸಿ, ಸ್ಟಿಯರಿಂಗನ್ನೂ ಚೂರು ನೇರಕ್ಕೆ ತನ್ನಿ. ಟೈರು ಮತ್ತೆ ನೆಲ ಹಿಡಿಯುತ್ತದೆ. ಕೊನೆಯ ಸುತ್ತನ್ನು ಬ್ರೇಕ್ ಮುಟ್ಟದಷ್ಟು ನಿಧಾನವಾಗಿ ಓಡಿಸಿ, ಗಾಳಿಗೆ ಬ್ರೇಕ್ ಆರಲಿ. ನಿಲ್ಲಿಸಿದ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಗೇರಿನಲ್ಲಿ ಬಿಡಿ.

ಪ್ರಶ್ನೆ: ಟ್ರ್ಯಾಕಿನಲ್ಲಿ ಕಾರಿಗೆ ಏಟಾದರೆ ಇನ್ಶೂರೆನ್ಸ್ ಬರುತ್ತದೆ ಎನ್ನುತ್ತಾನೆ ಮಗ. ನಿಜವೇ?
– ಓದುಗರು, ಹುಬ್ಬಳ್ಳಿ

ಉತ್ತರ: ಪಾಲಿಸಿಯಲ್ಲಿ ಬಳಕೆಯ ಮಿತಿ ಎಂಬ ಭಾಗವಿದೆ, ಮಗನ ಕೈಯಲ್ಲೇ ಓದಿಸಿ. ಸಂಘಟಿತ ರೇಸು, ವೇಗ ಪರೀಕ್ಷೆ ಇವೆಲ್ಲ ನಮ್ಮ ಸಾಮಾನ್ಯ ಪಾಲಿಸಿಯ ಹೊರಗೆ. ತಗಡು ಸೊಟ್ಟಗಾದರೆ ಜೇಬಿನಿಂದಲೇ ಎಂದುಕೊಂಡು ಹೋಗಲಿ.

ಪ್ರಶ್ನೆ: ಟ್ರ್ಯಾಕಿನಲ್ಲಿ ಓಡಿಸಿದ ಕಾರಿನಲ್ಲೇ ಅದೇ ಸಂಜೆ ಬೆಂಗಳೂರಿಗೆ ಮರಳಬಹುದೇ?
– ಓದುಗ, ಜಯನಗರ

ಉತ್ತರ: ಬರಬಹುದು. ಚಕ್ರದ ನಟ್ಟು ಮತ್ತೊಮ್ಮೆ ಬಿಗಿ ಮಾಡಿ, ಪ್ಯಾಡ್ ನೋಡಿ. ಟೈರ್ ಕಾದು ಒತ್ತಡ ಏರಿದಾಗ ಇಳಿಸಿದ್ದ ಗಾಳಿಯನ್ನು ಮತ್ತೆ ತುಂಬಿಸಿ. ಕಾರಿಗಿಂತ ನಿಮ್ಮದೇ ಚಿಂತೆ: ಟ್ರ್ಯಾಕಿನಿಂದ ಹೊರಬಂದವನಿಗೆ ಹೆದ್ದಾರಿಯಲ್ಲಿ ನೂರರ ವೇಗವೂ ನಿಂತಂತೆ ಕಾಣುತ್ತದೆ. ನಾನು ಸೀದಾ ಹೆದ್ದಾರಿಗೆ ಇಳಿಯುವುದಿಲ್ಲ. ಪಕ್ಕದಲ್ಲೇ ಶ್ರೀಪೆರುಂಬುದೂರು, ರಾಮಾನುಜಾಚಾರ್ಯರು ಹುಟ್ಟಿದ ಊರು. ಮೇಲುಕೋಟೆಗೆ ನಡೆದುಕೊಳ್ಳುವ ನಮ್ಮ ಅಮ್ಮನಿಗೆ ಮಗ ಅಲ್ಲಿಗೆ ಯಾತ್ರೆ ಹೋಗುತ್ತಾನೆಂದೇ ನಂಬಿಕೆ. ಆದಿಕೇಶವ ಪೆರುಮಾಳ್ ಗುಡಿಯಲ್ಲಿ ಒಂದು ತಾಸು ಕುಳಿತು, ಅವರಿಗೆ ಪ್ರಸಾದ ಕಟ್ಟಿಸಿಕೊಂಡು ಹೊರಡುತ್ತೇನೆ. ಅಷ್ಟು ಹೊತ್ತಿಗೆ ಕಾಲು ಹಗುರವಾಗಿರುತ್ತದೆ, ಅಮ್ಮನಿಗೆ ಸುಳ್ಳೂ ಹೇಳಿದಂತಾಗುವುದಿಲ್ಲ.