ಕಡತಕ್ಕೆ ಅನುಮತಿ ಇದ್ದರೂ ಕಂಟೇನರ್ ಶುರುವಾಗದು

ಪ್ರಶ್ನೆ: ಗಂಗಾವತಿಯ ಅಕ್ಕಿ ಗಿರಣಿಯೊಂದರ ಉಬುಂಟು ಸರ್ವರ್ ನೋಡಿಕೊಳ್ಳುತ್ತೇನೆ. ಭತ್ತದ ಆವಕ ಮತ್ತು ತೂಕದ ಲೆಕ್ಕವಿಡುವ ತಂತ್ರಾಂಶವು ಎಲ್‌ಎಕ್ಸ್‌ಸಿ ಕಂಟೇನರಿನಲ್ಲಿದೆ (ಸರ್ವರಿನೊಳಗೇ ಪ್ರತ್ಯೇಕವಾಗಿ ಓಡುವ ಲಿನಕ್ಸ್ ವ್ಯವಸ್ಥೆ). ಕರೆಂಟು ಹೋಗಿ ಸರ್ವರ್ ಮರುಚಾಲನೆಯಾದ ಬಳಿಕ ಕಂಟೇನರ್ ಶುರುವಾಗುತ್ತಿಲ್ಲ. ಕಂಟೇನರಿನಲ್ಲಿ ಮೊದಲು ಓಡುವ ಇನಿಟ್ ಕಡತದ ಹೆಸರಿನೊಂದಿಗೆ ‘ಪರ್ಮಿಷನ್ ಡಿನೈಡ್’ ಎಂದು ಲಾಗ್‌ನಲ್ಲಿ ಬರುತ್ತದೆ. ಆ ಕಡತಕ್ಕೆ 777 (ಎಲ್ಲರಿಗೂ ಓದಲು, ಬರೆಯಲು, ಚಲಾಯಿಸಲು) ಅನುಮತಿ ಕೊಟ್ಟರೂ ಪ್ರಯೋಜನವಾಗಲಿಲ್ಲ. ನಾವೇನೂ ಬದಲಾಯಿಸಿಲ್ಲ, ಕೆಲ ತಿಂಗಳ ಹಿಂದೆ ಒಬ್ಬರು ಭದ್ರತೆಗೆಂದು ಕೆಲವು ಸೆಟ್ಟಿಂಗ್ ಬಿಗಿಗೊಳಿಸಿದ್ದರು, ಅಷ್ಟೇ.
– ಓದುಗರು, ಗಂಗಾವತಿ

ಉತ್ತರ: ಆ ‘ಅಷ್ಟೇ’ ಎಂಬಲ್ಲಿಯೇ ಕಾರಣವಿರುವ ಸಾಧ್ಯತೆ ಹೆಚ್ಚು. ಡಿಸ್ಕಿನ ಯಾವ ವಿಭಾಗವನ್ನು ಹೇಗೆ ಮೌಂಟ್ ಮಾಡಬೇಕು, ಅಂದರೆ ವ್ಯವಸ್ಥೆಗೆ ಜೋಡಿಸಬೇಕು ಎಂದು ಹೇಳುವ ‘ಎಫ್‌ಎಸ್‌ಟ್ಯಾಬ್’ ಕಡತದಲ್ಲಿ ಮಾಡಿದ ತಿದ್ದುಪಡಿ ಆ ವಿಭಾಗವನ್ನು ಮತ್ತೆ ಮೌಂಟ್ ಮಾಡುವವರೆಗೆ ಜಾರಿಗೆ ಬರುವುದಿಲ್ಲವಾದ್ದರಿಂದ, ಅಂದಿನ ಬದಲಾವಣೆ ಮರುಚಾಲನೆಯಾದ ದಿನ ಫಲ ಕೊಟ್ಟಿರಬಹುದು. ಕರೆಂಟಿನ ಮೇಲೆ ತಪ್ಪು ಹೊರಿಸಬೇಕಿಲ್ಲ.

ಒಂದು ವಿಭಾಗವನ್ನು ‘ನೋಎಕ್ಸೆಕ್’ ಆಯ್ಕೆಯೊಂದಿಗೆ ಮೌಂಟ್ ಮಾಡಿದರೆ, ಅದರಲ್ಲಿರುವ ಕಡತಕ್ಕೆ ಎಂಥ ಅನುಮತಿ ಇದ್ದರೂ ಕರ್ನೆಲ್ (ಲಿನಕ್ಸಿನ ತಿರುಳು) ಅದನ್ನು ನೇರವಾಗಿ ಚಲಾಯಿಸಲು ಬಿಡುವುದಿಲ್ಲ. ನಿಮ್ಮ ಕಂಟೇನರಿನ ಕಡತಗಳು ಸಾಮಾನ್ಯ ಡೈರೆಕ್ಟರಿಯಾಗಿ ‘/ವಾರ್/ಲಿಬ್/ಎಲ್‌ಎಕ್ಸ್‌ಸಿ’ ಅಡಿಯಲ್ಲಿದ್ದರೆ, ಎಲ್‌ಎಕ್ಸ್‌ಸಿ ಅದನ್ನು ಬೈಂಡ್ ಮೌಂಟ್ ಮಾಡುವಾಗ (ಅದೇ ಡೈರೆಕ್ಟರಿಯನ್ನು ಇನ್ನೊಂದು ಜಾಗದಲ್ಲೂ ಜೋಡಿಸುವಾಗ) ಮೂಲ ಮೌಂಟಿನ ನಿರ್ಬಂಧವೂ ಜೊತೆಗೇ ಬರುತ್ತದೆ. ‘ಎಲ್‌ಎಸ್ -ಎಲ್’ ಆದೇಶ ತೋರಿಸುವುದು ಕಡತದ ಅನುಮತಿಯನ್ನು ಮಾತ್ರ. ಮೌಂಟಿನ ನಿರ್ಬಂಧ ಅಲ್ಲಿ ಕಾಣುವುದೇ ಇಲ್ಲ. ಆದ್ದರಿಂದ 777 ಇಲ್ಲಿ ಕೆಲಸಕ್ಕೆ ಬಾರದು. ಅದನ್ನು 755ಕ್ಕೆ (ಬರೆಯುವ ಅನುಮತಿ ಮಾಲೀಕರಿಗೆ ಮಾತ್ರ) ಮರಳಿಸಿಬಿಡಿ.

ಖಚಿತಪಡಿಸಿಕೊಳ್ಳಲು ‘ಫೈಂಡ್‌ಎಂಎನ್‌ಟಿ -ಟಿ /ವಾರ್/ಲಿಬ್/ಎಲ್‌ಎಕ್ಸ್‌ಸಿ’ ಎಂಬ ಆದೇಶವನ್ನು, ‘ಟಿ’ ದೊಡ್ಡಕ್ಷರದಲ್ಲಿರುವಂತೆ, ಕೊಡಿ. ಆಯ್ಕೆಗಳ ಕಾಲಂನಲ್ಲಿ ‘ನೋಎಕ್ಸೆಕ್’ ಇದ್ದರೆ ‘ಮೌಂಟ್ -ಓ ರಿಮೌಂಟ್,ಎಕ್ಸೆಕ್ /ವಾರ್’ ಎಂದು ತಾತ್ಕಾಲಿಕವಾಗಿ ತೆರವುಗೊಳಿಸಿ, ಕಂಟೇನರನ್ನು ‘ಎಲ್‌ಎಕ್ಸ್‌ಸಿ-ಸ್ಟಾರ್ಟ್’ ಮೂಲಕ ಮುನ್ನೆಲೆಯಲ್ಲೇ ಚಾಲೂ ಮಾಡಿ ನೋಡಿ. ಇನ್ನೊಂದು ಸುಳಿವೂ ಉಂಟು: ಪ್ಯಾಕೇಜ್ ಸ್ಥಾಪಿಸುವ ಡಿಪಿಕೆಜಿಯ ಸ್ಕ್ರಿಪ್ಟ್‌ಗಳು ‘/ವಾರ್/ಲಿಬ್/ಡಿಪಿಕೆಜಿ/ಇನ್ಫೋ’ದಿಂದಲೇ ಓಡುವುದರಿಂದ, ಮರುಚಾಲನೆಯ ನಂತರ ಹೊಸ ಪ್ಯಾಕೇಜ್‌ಗಳ ಸ್ಥಾಪನೆಯೂ ಕೈಕೊಟ್ಟಿರಬೇಕು. ಆದರೆ ಲಾಗ್‌ನಲ್ಲಿ ‘ಎಕ್ಸೆಕ್ ಫಾರ್ಮ್ಯಾಟ್ ಎರರ್’ ಬಂದಿದ್ದರೆ ಮೌಂಟನ್ನು ಬಿಟ್ಟು, ಇಮೇಜ್ ಬೇರೆ ಪ್ರೊಸೆಸರಿನದ್ದೇ ಎಂದು ನೋಡಬೇಕಾಗುತ್ತಿತ್ತು.

ಕಂಟೇನರ್ ಎದ್ದರೆ ‘ಎಫ್‌ಎಸ್‌ಟ್ಯಾಬ್’ನಲ್ಲಿ ‘/ವಾರ್’ ಸಾಲಿನಿಂದ ‘ನೋಎಕ್ಸೆಕ್’ ತೆಗೆದುಹಾಕಿ; ಇಲ್ಲವಾದರೆ ಮುಂದಿನ ಮರುಚಾಲನೆಯಲ್ಲಿ ಮತ್ತದೇ ಕಥೆ. ಅಲ್ಲಿಯೇ ‘ನೋಸುಯಿಡ್’ (ಕಡತವು ತನ್ನ ಮಾಲೀಕರ ಅಧಿಕಾರದಲ್ಲಿ ಓಡುವುದನ್ನು ತಡೆಯುವ ಆಯ್ಕೆ) ಇದ್ದರೆ ಕಂಟೇನರಿನೊಳಗೆ ನಿರ್ವಾಹಕರ ಅಧಿಕಾರ ಕೊಡುವ ಸುಡೋ ಕೆಲಸ ಮಾಡದು. ಅದಕ್ಕಾಗಿ ‘/ವಾರ್/ಲಿಬ್/ಎಲ್‌ಎಕ್ಸ್‌ಸಿ’ಗೆ ಈ ಎರಡೂ ನಿರ್ಬಂಧಗಳಿಲ್ಲದ ಪ್ರತ್ಯೇಕ ವಿಭಾಗ ಮಾಡುವುದು ನನಗೆ ಹೆಚ್ಚು ಸರಿಯೆನಿಸುತ್ತದೆ. ‘/ವಾರ್/ಲಾಗ್’, ‘/ವಾರ್/ಟಿಎಂಪಿ’ ಬೇರೆ ವಿಭಾಗಗಳಲ್ಲಿದ್ದರೆ ಅವುಗಳ ಮೇಲಿನ ‘ನೋಎಕ್ಸೆಕ್’ ಇರಲಿ, ಅಲ್ಲಿ ಅದು ಉಪಯುಕ್ತವೇ.