ಕಾರಿಲ್ಲದೆ ಸಣ್ಣ ಊರಿನಲ್ಲಿ ಇರಬೇಕಾದರೆ ಮನೆ ಎಲ್ಲಿ ಮಾಡಬೇಕು?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಕೆಲಸದ ಮೇಲೆ ಸಣ್ಣ ಊರಿಗೆ ಹೋಗುತ್ತಿದ್ದೀರಿ. ಕಾರಿಲ್ಲ, ಕೊಳ್ಳುವ ಯೋಚನೆಯೂ ಇಲ್ಲ. ಊರ ನಡುವೆ ಒಂದು ಚಿಕ್ಕ ಮನೆ ಇದೆ, ಊರ ಅಂಚಿನಲ್ಲಿ ಗಾಳಿ ಬೆಳಕು ಚೆನ್ನಾಗಿರುವ ದೊಡ್ಡ ಮನೆ ಇದೆ, ಬಾಡಿಗೆ ಹೆಚ್ಚುಕಮ್ಮಿ ಒಂದೇ. ದೊಡ್ಡ ಮನೆಯ ಮುಂದೆಯೇ ಬಸ್ ಹೋಗುತ್ತದೆ. ಯಾವುದನ್ನು ಹಿಡಿಯಲಿ ಎಂದು ಕೇಳಿದ್ದೀರಿ.

ನಾನಾದರೆ ಚಿಕ್ಕ ಮನೆ ಹಿಡಿಯುತ್ತೇನೆ. ಆದರೆ ನಾನು ಹೇಳಿದೆ ಅಂತ ಹಿಡಿಯಬೇಡಿ. ಆ ಮನೆಯಿಂದ ನೀವು ಪದೇ ಪದೇ ಹೋಗುವ ಮೂರು ನಾಲ್ಕು ಜಾಗಗಳಿಗೆ ದಾರಿ ಹೇಗಿದೆ ಅಂತ ನಡೆದು ನೋಡಿ, ಆಮೇಲೆ ಹಿಡಿಯಿರಿ. ಕಾರಿಲ್ಲದವರಿಗೆ ಆ ದಾರಿಯೂ ಮನೆಯ ಇನ್ನೊಂದು ಕೋಣೆ ಇದ್ದ ಹಾಗೆ. ದಿನಾ ಸುಮಾರು ಒಂದು ಗಂಟೆ ಅದರಲ್ಲೇ ಕಳೆಯುತ್ತೀರಿ.

ಇದನ್ನು ನಾನು ಕಲಿತದ್ದು ಮೊದಲ ಮನೆಯಲ್ಲಿ. ನಕ್ಷೆಯಲ್ಲಿ ನೋಡಿದಾಗ ಪೇಟೆ 700 ಮೀಟರ್ ದೂರ ಇತ್ತು. ನಡೆದರೆ 9 ನಿಮಿಷ. ಮನೆಯ ಹಿಂದೆ ಒಂದು ಖಾಲಿ ಜಾಗ, ಅದರ ನಡುವೆ ಜನ ಓಡಾಡಿ ಓಡಾಡಿ ಆಗಿದ್ದ ಕಾಲುದಾರಿ. ಅಮ್ಮ ನನ್ನ ಜೊತೆಗಿದ್ದಳು. ಸಂಜೆ ಒಬ್ಬಳೇ ಆ ದಾರಿಯಲ್ಲಿ ಪೇಟೆಗೆ ಹೋಗಿ, ತರಕಾರಿ ತಂದು, ದಾರಿಯಲ್ಲಿ ನಾಲ್ಕು ಜನರ ಹತ್ತಿರ ಮಾತಾಡಿಕೊಂಡು ಬರುತ್ತಿದ್ದಳು. ನಾಲ್ಕು ತಿಂಗಳಾದ ಮೇಲೆ ಆ ಜಾಗದವರು ಮನೆ ಕಟ್ಟಲು ಶುರು ಮಾಡಿ ಸುತ್ತ ಗೋಡೆ ಎಬ್ಬಿಸಿದರು. ಅವರ ಜಾಗ, ಅವರ ಹಕ್ಕು, ತಪ್ಪೇನಿಲ್ಲ. ಆದರೆ ಅವತ್ತಿನಿಂದ ನಮಗೆ ಪೇಟೆ 1.9 ಕಿಲೋಮೀಟರ್ ಆಯಿತು. 9 ನಿಮಿಷದ ಜಾಗದಲ್ಲಿ 24 ನಿಮಿಷ. ಅದರಲ್ಲಿ ಅರ್ಧ ದಾರಿ ಫುಟ್‌ಪಾತ್ ಇಲ್ಲದ ಹೆದ್ದಾರಿಯ ಅಂಚು. ಅಮ್ಮ ಒಂದು ವಾರ ಪ್ರಯತ್ನಪಟ್ಟಳು. ಆಮೇಲೆ ಪೇಟೆಗೆ ಹೋಗುವುದನ್ನೇ ಬಿಟ್ಟಳು. ಏನು ಬೇಕಾದರೂ ನಾನು ಕೆಲಸದಿಂದ ಬರುವುದನ್ನು ಕಾಯುತ್ತಿದ್ದಳು. ಅದನ್ನು ನೋಡಿ ನನಗಾದ ಬೇಜಾರು ಇನ್ನೂ ಮರೆತಿಲ್ಲ.

ಹಾಗಾಗಿ ಮೊದಲ ಮಾತು. ನೀವು ನಂಬುವ ದಾರಿ ಸಾರ್ವಜನಿಕ ರಸ್ತೆಯಾ, ಇಲ್ಲ ಯಾರದೋ ಜಾಗದ ಮೇಲಿನ ಕಾಲುದಾರಿಯಾ ಅಂತ ಕೇಳಿ ತಿಳಿದುಕೊಳ್ಳಿ. ರೈಲು ಹಳಿ ದಾಟುವ ಕಳ್ಳದಾರಿ, ಶಾಲೆಯ ಹಿಂದಿನ ಗೇಟು, ಬೇಸಿಗೆಯಲ್ಲಿ ಮಾತ್ರ ಒಣಗಿರುವ ಹಳ್ಳ, ಇವನ್ನೆಲ್ಲ ಲೆಕ್ಕದಿಂದ ತೆಗೆದುಬಿಡಿ. ಅವು ಇದ್ದರೆ ಲಾಭ. ಅವು ಇಲ್ಲದೆಯೂ ಬದುಕು ನಡೆಯುವಂತಿರಬೇಕು.

ಮನೆ ತೋರಿಸುವವರು "ಐದೇ ನಿಮಿಷ" ಅನ್ನುತ್ತಾರೆ. ಸುಳ್ಳು ಹೇಳುತ್ತಿದ್ದಾರೆ ಅಂತಲ್ಲ. ಅವರು ಗಾಡಿಯಲ್ಲಿ ಬಂದಿರುತ್ತಾರೆ, ಅವರಿಗೆ ಅದು ಐದೇ ನಿಮಿಷ. ನೀವು ಮೀಟರ್‌ನಲ್ಲಿ ಕೇಳಿ. ಸಾಧಾರಣ ನಡಿಗೆ ಗಂಟೆಗೆ 5 ಕಿಲೋಮೀಟರ್, ಅಂದರೆ ನಿಮಿಷಕ್ಕೆ ಸುಮಾರು 80 ಮೀಟರ್. 400 ಮೀಟರ್‌ಗೆ 5 ನಿಮಿಷ, 800 ಮೀಟರ್‌ಗೆ 10 ನಿಮಿಷ. ನಕ್ಷೆಯಲ್ಲಿ ನೇರ ಗೆರೆ ಎಳೆದು ದೂರ ಅಳೆಯಬೇಡಿ. ಚೌಕ ಚೌಕವಾಗಿ ಬೀದಿ ಇರುವ ಕಡೆ ನಡೆಯುವ ದೂರ ನೇರ ಗೆರೆಗಿಂತ ಹೆಚ್ಚೆಂದರೆ 1.4 ಪಟ್ಟು ಆಗುತ್ತದೆ. ನಡುವೆ ಹಳಿ, ಹೊಳೆ, ಹೆದ್ದಾರಿ, ಇನ್ನೊಂದು ಕಡೆ ದಾರಿಯೇ ಇಲ್ಲದ ಬಡಾವಣೆ ಬಂದರೆ ಮೂರು ಪಟ್ಟೂ ಆಗಬಹುದು. ನಮ್ಮದು ಹಾಗೇ ಆದದ್ದು.

ಈಗ ಯಾವ ಜಾಗಕ್ಕೆ ಹತ್ತಿರ ಇರಬೇಕು ಅನ್ನುವ ಮಾತು. ಇಲ್ಲಿ ಸ್ವಲ್ಪ ಲೆಕ್ಕ ಹಾಕಿ, ಏಕೆಂದರೆ ಜನ ಜಾಸ್ತಿ ತಪ್ಪುವುದು ಇಲ್ಲೇ. ಹೋದ ಎರಡು ವಾರ ನೀವು ಮನೆಯಿಂದ ಹೊರಗೆ ಎಲ್ಲೆಲ್ಲಿಗೆ ಹೋದಿರಿ ಅಂತ ಬರೆಯಿರಿ. ಇಷ್ಟಪಡುವ ಜಾಗಗಳನ್ನಲ್ಲ, ನಿಜವಾಗಿ ಹೋದದ್ದನ್ನು. ಈಗ ಒಂದೊಂದು ಜಾಗವೂ 1 ಕಿಲೋಮೀಟರ್ ದೂರ ಸರಿದರೆ ಏನಾಗುತ್ತದೆ ನೋಡಿ. ವರ್ಷಕ್ಕೆ 300 ದಿನ ಹೋಗುವ ಕೆಲಸದ ಜಾಗವಾದರೆ ಹೋಗಿ ಬರಲು 600 ಕಿಲೋಮೀಟರ್ ಹೆಚ್ಚು ನಡೆಯಬೇಕು, ಅಂದರೆ 120 ಗಂಟೆ. ವಾರಕ್ಕೊಮ್ಮೆ ಹೋಗುವ ಜಾಗವಾದರೆ 104 ಕಿಲೋಮೀಟರ್, ಸುಮಾರು 21 ಗಂಟೆ. ತಿಂಗಳಿಗೊಮ್ಮೆ ಆದರೆ ಸುಮಾರು 5 ಗಂಟೆ. ಬ್ಯಾಂಕಿಗೆ ಹತ್ತಿರ ಇದೆ ಅಂತ ಮನೆ ಹಿಡಿದು, ಕೆಲಸದ ಜಾಗಕ್ಕೆ ದಿನಾ ಊರೆಲ್ಲ ದಾಟಿ ಹೋಗುವವರನ್ನು ನೋಡಿದ್ದೇನೆ. ಪಾಪ, ಅವರಿಗೆ ಯಾರೂ ಈ ಲೆಕ್ಕ ಹೇಳಿರಲಿಲ್ಲ ಅಷ್ಟೇ.

1994ರಲ್ಲಿ ಇಟಲಿಯ ಭೌತವಿಜ್ಞಾನಿ ಚೆಸಾರೆ ಮಾರ್ಕೆಟ್ಟಿ ಒಂದು ವಿಷಯ ಬರೆದಿದ್ದರು. ನಡೆದು ಓಡಾಡುವ ಕಾಲದಲ್ಲೂ ಕಾರಿನ ಕಾಲದಲ್ಲೂ ಜನ ಓಡಾಟಕ್ಕೆ ದಿನಕ್ಕೆ ಸುಮಾರು ಒಂದು ಗಂಟೆ ಕೊಡುತ್ತಾರೆ ಅಂತ. ಅದಕ್ಕಿಂತ ಜಾಸ್ತಿಯಾದರೆ ಬದುಕು ಭಾರ ಅನ್ನಿಸುತ್ತದೆ ಅನ್ನುವುದು ನನ್ನ ಅನುಭವವೂ ಹೌದು. ಈ ಒಂದು ಗಂಟೆಯನ್ನು ಅಳತೆ ಮಾಡಿಕೊಳ್ಳಿ. ನಿಮ್ಮ ಮಾಮೂಲಿ ದಿನದ ಓಡಾಟವೆಲ್ಲ ಸೇರಿ 5 ಕಿಲೋಮೀಟರ್ ಒಳಗೆ ಮುಗಿದರೆ ಆ ಮನೆ ಸರಿ. 8 ಆಗುತ್ತದೆ ಅಂದರೆ ಮೊದಲ ತಿಂಗಳು ವ್ಯಾಯಾಮ ಅನ್ನಿಸಬಹುದು, ಆರನೆಯ ತಿಂಗಳಿಗೆ ನೀವೇ ಹೊರಗೆ ಹೋಗುವುದನ್ನು ಕಡಿಮೆ ಮಾಡಿರುತ್ತೀರಿ.

ಸಣ್ಣ ಊರು ಈ ವಿಷಯದಲ್ಲಿ ನಿಮ್ಮ ಕಡೆಗೇ ಇದೆ. 20,000 ಜನರ ಊರು ಅಂದುಕೊಳ್ಳಿ, ಒಂದು ಚದರ ಕಿಲೋಮೀಟರಿಗೆ 5,000 ಜನ ಇದ್ದರೆ ಇಡೀ ಊರು 4 ಚದರ ಕಿಲೋಮೀಟರ್. ನಡುವಿನಿಂದ ಅಂಚಿಗೆ ಸುಮಾರು 1.1 ಕಿಲೋಮೀಟರ್, ಕಾಲು ಗಂಟೆಯ ನಡಿಗೆ. ಕಾರು ಬರುವ ಮೊದಲೇ ಬೆಳೆದ ಹಳೆಯ ಊರುಗಳಲ್ಲಿ ಅಂಗಡಿ, ಅಂಚೆ ಕಚೇರಿ, ಬಸ್ ಸ್ಟ್ಯಾಂಡ್ ಒಂದರ ಪಕ್ಕ ಒಂದು ಇರುವುದು ಇದಕ್ಕೇ. ಆಗ ಎಲ್ಲರೂ ನಡೆದೇ ಬರಬೇಕಿತ್ತಲ್ವಾ.

ಆದರೆ ಸಣ್ಣ ಊರಿನ ಕಷ್ಟವೂ ಒಂದಿದೆ. ದೊಡ್ಡ ನಗರದಲ್ಲಿ ಒಂದು ಔಷಧಿ ಅಂಗಡಿ ಮುಚ್ಚಿದರೆ ಇನ್ನೊಂದು ಇರುತ್ತದೆ. ಸಣ್ಣ ಊರಿನಲ್ಲಿ ಎಷ್ಟೋ ಸೌಕರ್ಯ ಒಂದೊಂದೇ. ಆ ಒಂದು ಜಾಗ ಬದಲಾಯಿಸಿದರೆ ನಿಮ್ಮ ಲೆಕ್ಕವೆಲ್ಲ ತಲೆಕೆಳಗು. ಬೈಪಾಸ್ ಆದ ಮೇಲೆ ಊರ ಹೊರಗೆ ಜಾಗ ಕಡಿಮೆ ಬೆಲೆಗೆ ಸಿಗುತ್ತದೆ ಅಂತ ಆಸ್ಪತ್ರೆ, ಕಚೇರಿ, ಬಸ್ ಸ್ಟ್ಯಾಂಡ್ ಅಲ್ಲಿಗೆ ಹೋಗುವುದುಂಟು. ಆದ್ದರಿಂದ ಊರಿನವರನ್ನು ಇದನ್ನೇ ಬಿಡಿಸಿ ಕೇಳಿ. ಇಲ್ಲಿಂದ ಯಾವುದಾದರೂ ಹೊರಗೆ ಹೋಗುವ ಮಾತಿದೆಯಾ? ಹೊಸ ಕಟ್ಟಡ ಎಲ್ಲಾದರೂ ಏಳುತ್ತಿದೆಯಾ? ಇಂಥ ಸುದ್ದಿ ಊರಿಗೆಲ್ಲ ಗೊತ್ತಿರುತ್ತದೆ, ಹೊಸಬರಿಗೆ ಮಾತ್ರ ಗೊತ್ತಿರುವುದಿಲ್ಲ.

ನಿಮ್ಮ ದೊಡ್ಡ ಮನೆಯ ಮುಂದೆ ಹೋಗುವ ಬಸ್ಸಿನ ವಿಷಯ. ಬಸ್ ಹೋಗುವುದು ಬೇರೆ, ನಿಲ್ಲುವುದು ಬೇರೆ. ಅಲ್ಲಿ ನಿಲ್ಲುತ್ತದೆಯೇ? ದಿನಕ್ಕೆ ಎಷ್ಟು ಸಲ? ಕೊನೆಯ ಬಸ್ ಎಷ್ಟು ಹೊತ್ತಿಗೆ? ರಜೆಯ ದಿನ ಇದೆಯೇ? ಗಂಟೆಗೊಂದು ಬಸ್ ಇದ್ದು, ನೀವು ಹೊತ್ತು ನೋಡದೆ ಹೋಗಿ ನಿಂತರೆ ಸರಾಸರಿ ಅರ್ಧ ಗಂಟೆ ಕಾಯುತ್ತೀರಿ. ಆ ಅರ್ಧ ಗಂಟೆಯಲ್ಲಿ ಎರಡೂವರೆ ಕಿಲೋಮೀಟರ್ ನಡೆದೇ ಹೋಗಬಹುದಿತ್ತು. ನನ್ನ ಅಭಿಪ್ರಾಯದಲ್ಲಿ ಸಣ್ಣ ಊರಿನಲ್ಲಿ ಬಸ್ ಇರುವುದು ಬೇರೆ ಊರಿಗೆ ಹೋಗಿ ಬರಲು. ಊರೊಳಗಿನ ದಿನದ ಬದುಕನ್ನು ಅದರ ಮೇಲೆ ಕಟ್ಟಬೇಡಿ. ಬೇರೆ ಊರಿಗೆ ಹೋಗುವ ಬಸ್ಸಿಗೆ ದಾರಿ ನಡುವಿನ ನಿಲ್ದಾಣಕ್ಕಿಂತ ಹೊರಡುವ ಬಸ್ ಸ್ಟ್ಯಾಂಡ್ ಹತ್ತಿರ ಇರುವುದು ಒಳ್ಳೆಯದು. ಎಲ್ಲ ದಿಕ್ಕಿನ ಬಸ್ಸೂ ಅಲ್ಲೇ ಸಿಗುತ್ತದೆ, ಕೂರಲು ಜಾಗವೂ ಸಿಗುತ್ತದೆ, ರಾತ್ರಿ ತಡವಾಗಿ ಬಂದು ಇಳಿದರೂ ಅಲ್ಲಿ ಜನ ಇರುತ್ತಾರೆ.

ಏರಿನ ಬಗ್ಗೆ ಯಾರೂ ಹೇಳುವುದಿಲ್ಲ. ಸ್ಕಾಟ್ಲೆಂಡಿನಲ್ಲಿ ಬೆಟ್ಟ ಹತ್ತುತ್ತಿದ್ದ ವಿಲಿಯಂ ನೈಸ್ಮಿತ್ 1892ರಲ್ಲಿ ಒಂದು ಲೆಕ್ಕ ಕೊಟ್ಟಿದ್ದರು. ಮೂರು ಮೈಲಿಗೆ ಒಂದು ಗಂಟೆ, ಅದರ ಮೇಲೆ ಹತ್ತುವ ಪ್ರತಿ 2,000 ಅಡಿಗೆ ಇನ್ನೊಂದು ಗಂಟೆ. ನಮ್ಮ ಅಳತೆಯಲ್ಲಿ ಸುಮಾರು 10 ಮೀಟರ್ ಎತ್ತರಕ್ಕೆ ಒಂದು ನಿಮಿಷ ಸೇರಿಸಿ. ಗಡಿಯಾರ ಒಂದೇ ನಿಮಿಷ ಅನ್ನುತ್ತದೆ. ಆದರೆ 10 ಮೀಟರ್ ಅಂದರೆ ಮೂರು ಮಹಡಿ ಹತ್ತಿದ ಹಾಗೆ. ಮೊಣಕಾಲು ನೋವು ಇರುವವರಿಗೆ, ಕೈಯಲ್ಲಿ ಚೀಲ ಇರುವವರಿಗೆ ಅದು ಒಂದು ನಿಮಿಷದ ಮಾತಲ್ಲ. ಮನೆ ಎತ್ತರದಲ್ಲಿದ್ದು ಪೇಟೆ ತಗ್ಗಿನಲ್ಲಿದ್ದರೆ ಖಾಲಿ ಕೈಯಲ್ಲಿ ಇಳಿದು ಹೋಗಿ, ಹೊರೆ ಹೊತ್ತು ಹತ್ತಿ ಬರಬೇಕು. ಪೇಟೆ ಎತ್ತರದಲ್ಲಿದ್ದು ಮನೆ ತಗ್ಗಿನಲ್ಲಿದ್ದರೆ ಹೊರೆ ಇಳಿಜಾರಿನಲ್ಲಿ ಬರುತ್ತದೆ. ತಗ್ಗಿನಲ್ಲಿ ಮಳೆನೀರು ನಿಲ್ಲುವುದಿಲ್ಲ ಅಂತ ಖಾತ್ರಿಯಾದರೆ ಎರಡನೆಯದೇ ಮೇಲು.

ರಸ್ತೆಯಲ್ಲಿ ಗಾಡಿಗಳು ಎಷ್ಟು ಜೋರಾಗಿ ಹೋಗುತ್ತವೆ ಅನ್ನುವುದನ್ನೂ ನಿಂತು ನೋಡಿ. ವೇಗ ಎರಡು ಪಟ್ಟಾದರೆ ಹೊಡೆತದ ಶಕ್ತಿ ನಾಲ್ಕು ಪಟ್ಟು. 30 ಕಿಲೋಮೀಟರ್ ವೇಗದ ಪೇಟೆ ಬೀದಿಯಲ್ಲಿ ಫುಟ್‌ಪಾತ್ ಇಲ್ಲದಿದ್ದರೂ ಹೇಗೋ ನಡೆಯಬಹುದು. 60ರಲ್ಲಿ ಗಾಡಿ ಓಡುವ ಹೆದ್ದಾರಿಯ ಅಂಚಿನಲ್ಲಿ ಕತ್ತಲಾದ ಮೇಲೆ ನಡೆಯಬೇಡಿ, ದಯವಿಟ್ಟು. ಅಂಥ ತುಂಡು 200 ಮೀಟರ್ ಇದ್ದರೂ ನಾನು ಆ ಮನೆ ಬೇಡ ಅನ್ನುತ್ತೇನೆ. ಈ ಒಂದು ವಿಷಯದಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ.

ಊರ ನಡುವೆ ಗಲಾಟೆ ಜಾಸ್ತಿ ಅಂತ ನಿಮಗೆ ಅಳುಕಿದೆ. ನ್ಯಾಯವೇ. ಅದಕ್ಕೆ ಮುಖ್ಯರಸ್ತೆಯ ಮೇಲಿನ ಮನೆ ಬಿಟ್ಟು ಅದರ ಹಿಂದಿನ ಎರಡನೆಯ ಬೀದಿಯಲ್ಲಿ ಹುಡುಕಿ. ಎರಡು ನಿಮಿಷ ಹೆಚ್ಚು ನಡೆದರೆ ಸದ್ದು ಎಷ್ಟೋ ಕಡಿಮೆಯಾಗುತ್ತದೆ. ಇನ್ನೊಂದು ಲಾಭವೂ ಇದೆ. 1960ರ ದಶಕದ ಕೊನೆಯಲ್ಲಿ ಡೊನಾಲ್ಡ್ ಆಪಲ್‌ಯಾರ್ಡ್ ಎಂಬ ಸಂಶೋಧಕರು ಸ್ಯಾನ್ ಫ್ರಾನ್ಸಿಸ್ಕೋದ ಮೂರು ಬೀದಿಗಳನ್ನು ಹೋಲಿಸಿ ನೋಡಿದ್ದರು. ದಿನಕ್ಕೆ ಸುಮಾರು 2,000 ವಾಹನ ಹೋಗುವ ಬೀದಿಯವರಿಗೆ ಅದೇ ಬೀದಿಯಲ್ಲಿ ಸರಾಸರಿ ಮೂವರು ಸ್ನೇಹಿತರಿದ್ದರು. 16,000 ವಾಹನ ಹೋಗುವ ಬೀದಿಯವರಿಗೆ ಒಬ್ಬರೂ ಪೂರ್ತಿ ಇರಲಿಲ್ಲ, ಸರಾಸರಿ 0.9. ಕಾರಿಲ್ಲದವರಿಗೆ ನೆರೆಹೊರೆ ಬಹಳ ಮುಖ್ಯ. ನಡುರಾತ್ರಿ ಜ್ವರ ಬಂದರೆ ಗಾಡಿ ತೆಗೆಯುವವರು ಅವರೇ. ನನಗೆ ಒಮ್ಮೆ ಹಾಗೆ ಆಗಿದೆ. ಪಕ್ಕದ ಮನೆಯವರು ಒಂದು ಮಾತಿಗೆ ಎದ್ದು ಬಂದಿದ್ದರು. ದಿನಾ ಬೀದಿಯಲ್ಲಿ ನಡೆದು ಹೋಗುವ ಮುಖವನ್ನು ಜನ ಬೇಗ ಗುರುತು ಹಿಡಿಯುತ್ತಾರೆ.

ಸೈಕಲ್ ಇಟ್ಟುಕೊಳ್ಳುತ್ತೀರಾದರೆ ದೂರದ ಲೆಕ್ಕ ಮೂರು ಪಟ್ಟು ಹಿಗ್ಗುತ್ತದೆ. ಗಂಟೆಗೆ 15 ಕಿಲೋಮೀಟರ್ ಹಿಡಿದರೆ 3 ಕಿಲೋಮೀಟರಿಗೆ 12 ನಿಮಿಷ. ಆಗ ಅಂಚಿನ ಮನೆಯನ್ನೂ ಪರಿಶೀಲಿಸಬಹುದು. ಆದರೆ ಸೈಕಲನ್ನು ನೆಲಮಟ್ಟದಲ್ಲಿ, ಮಳೆ ಬೀಳದ ಕಡೆ, ಬೀಗ ಹಾಕಿ ಇಡಲು ಜಾಗ ಇದೆಯೇ ನೋಡಿ. ಎರಡನೆಯ ಮಹಡಿಗೆ ದಿನಾ ಹೊತ್ತು ಹತ್ತಬೇಕಾದರೆ ಒಂದು ತಿಂಗಳಲ್ಲಿ ಅದು ಮೂಲೆ ಸೇರುತ್ತದೆ.

ಕೊನೆಗೆ ಪರೀಕ್ಷೆ. ಎರಡೂ ಮನೆಗೆ ಇದನ್ನು ಮಾಡಿ, ಒಂದೇ ದಿನ ಸಾಕು. ಹಗಲು ಬೇಡ, ಕತ್ತಲಾಗುವ ಹೊತ್ತಿಗೆ ಹೋಗಿ. ಪೇಟೆಯಲ್ಲಿ ನಿಜವಾಗಿಯೂ ಒಂದು ವಾರದ ಸಾಮಾನು ಕೊಳ್ಳಿ, 8 ರಿಂದ 10 ಕಿಲೋ ಆಗಲಿ. ಅದನ್ನು ಕೈಯಲ್ಲಿ ಹಿಡಿದು ಮನೆಯ ಬಾಗಿಲವರೆಗೆ ನಡೆಯಿರಿ. ಎಷ್ಟು ಸಲ ಚೀಲ ಕೆಳಗಿಟ್ಟಿರಿ ಎಣಿಸಿ. ಬೀದಿದೀಪ ಎಲ್ಲಿ ಮುಗಿಯುತ್ತದೆ ನೋಡಿ. ನಾಯಿಗಳು ಎಲ್ಲಿ ಗುಂಪಾಗಿವೆ ನೋಡಿ. ದಾರಿಯಲ್ಲಿ ವಯಸ್ಸಾದವರು, ಹೆಂಗಸರು, ಮಕ್ಕಳು ಒಬ್ಬೊಬ್ಬರೇ ನಡೆದು ಹೋಗುತ್ತಿದ್ದಾರಾ ನೋಡಿ. ಅವರು ಹೋಗುತ್ತಿದ್ದರೆ ಆ ದಾರಿ ಚೆನ್ನಾಗಿದೆ ಅಂತ ಅರ್ಥ. ಒಬ್ಬರನ್ನಾದರೂ ನಿಲ್ಲಿಸಿ "ಮಳೆಗಾಲದಲ್ಲಿ ಈ ದಾರಿ ಹೇಗಿರುತ್ತದೆ?" ಎಂದು ಕೇಳಿ. ಮನೆ ಮಾಲೀಕರಿಗಿಂತ ಅವರೇ ಸರಿಯಾಗಿ ಹೇಳುತ್ತಾರೆ.

ಸಾಧ್ಯವಾದರೆ ಮೊದಲು ಆರು ತಿಂಗಳಿಗೆ ಮಾತ್ರ ಬಾಡಿಗೆ ಮಾತಾಡಿ. ನಾವು ಆ ಗೋಡೆಯ ಮನೆಯನ್ನು ಬಿಡಲು ಕರಾರು ಮುಗಿಯುವವರೆಗೆ ಏಳು ತಿಂಗಳು ಕಾಯಬೇಕಾಯಿತು. ಆಮೇಲೆ ಪೇಟೆಯ ಹಿಂದಿನ ಎರಡನೆಯ ಬೀದಿಯಲ್ಲಿ ಒಂದು ಕೋಣೆ ಕಡಿಮೆ ಇರುವ ಮನೆಗೆ ಬಂದೆವು. ಸಾಮಾನು ಇಳಿಸಿದ ಸಂಜೆಯೇ ಅಮ್ಮ ಚಪ್ಪಲಿ ಮೆಟ್ಟಿಕೊಂಡು, ಯಾರಿಗೂ ಹೇಳದೆ, ತರಕಾರಿ ತರಲು ಹೋಗಿದ್ದಳು.